ರೆಪೊ ದರ ಮತ್ತು ನಮ್ಮ ಮನೆಯ ಜೋಕಾಲಿ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಎಲೆಯಡಿಕೆಯ ಚಟ. ನನಗೆ ಬಡ್ಡಿದರದ ಚಟ. ಇದನ್ನು ಕೇಳಿ ನಾನು ಬಡ್ಡಿ ವ್ಯವಹಾರದವನೆಂದು ತಿಳಿಯಬೇಡಿ. ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಬಡ ಮಾಸ್ತರ ನಾನು. ಹುಡುಗರಿಗೆ ಹಣದುಬ್ಬರದ ಪಾಠ ಮಾಡುತ್ತ ಮಾಡುತ್ತ ಅದು ಯಾವಾಗ ನನ್ನ ತಲೆಗೇರಿತೋ ಗೊತ್ತಾಗಲಿಲ್ಲ. ಎರಡು ತಿಂಗಳಿಗೊಮ್ಮೆ ಕೇಂದ್ರ ಬ್ಯಾಂಕಿನ ಗವರ್ನರ್ ಸಾಹೇಬರು ಟೀವಿಯಲ್ಲಿ ಬಂದು ರೆಪೊ ದರ ಹೇಳುತ್ತಾರಲ್ಲ, ಆ ದಿನ ನಾನು ಅರ್ಧ ದಿನ ರಜೆ ಹಾಕುತ್ತೇನೆ. ರೆಪೊ ಎಂದರೆ ಅವರು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ. ಅದು ಇಳಿದರೆ ನಮ್ಮಂಥವರ ಮನೆಸಾಲದ ಬಡ್ಡಿಯೂ ಇಳಿದೀತೆಂದು ಆಸೆ. ಸಾಹೇಬರು ಮಾತಾಡುವಾಗ ಮನೆಯಲ್ಲಿ ಮಿಕ್ಸರ್ ಬಂದ್, ಕುಕ್ಕರಿನ ಸೀಟಿ ಬಂದ್, ಮಾತು ಬಂದ್. ಬ್ರೆಜಿಲ್‌ನಲ್ಲಿ ದರ ಏರಿತು, ಟರ್ಕಿಯಲ್ಲಿ ಇನ್ನೂ ಏರಿತು, ಅಮೆರಿಕದಲ್ಲಿ ಏರಿದರೆ ನಮ್ಮಂಥ ಬೆಳೆಯುತ್ತಿರುವ ದೇಶಗಳಿಂದ ರೊಕ್ಕವೆಲ್ಲ ಆ ಕಡೆ ಗುಳೆ ಹೋಗುತ್ತದೆ ಎಂದೆಲ್ಲ ನಾನು ವಿವರಿಸುವಾಗ ಸ್ಟಾಫ್ ರೂಮಿನಲ್ಲಿ ಇಂಡಿ ತಾಲ್ಲೂಕಿನ ಕಡೆಯ ಗಣಿತದ ಮಾಸ್ತರರು ಕುಳಿತಲ್ಲೇ ನಿದ್ದೆ ಹೋಗುತ್ತಾರೆ.

ಈ ಚಟಕ್ಕೆ ಬಲಿಯಾದದ್ದು ನನ್ನ ಹೆಂಡತಿ ನೀಲಾಳ ಜೋಕಾಲಿ. ಅವಳ ತವರು ಸಿಂದಗಿ ತಾಲ್ಲೂಕಿನ ಯಂಕಂಚಿ. ಅಲ್ಲಿಯ ಪಡಸಾಲೆಯಲ್ಲಿ ಸಾಗವಾನಿಯ ಅಗಲ ಹಲಗೆಯ, ಹಿತ್ತಾಳೆ ಸರಪಳಿಯ ಒಂದು ಜೋಕಾಲಿ ಇತ್ತು. ಅವಳು ಓದಿದ್ದು, ಜಡೆ ಹಾಕಿಸಿಕೊಂಡಿದ್ದು, ಮುನಿಸಿಕೊಂಡು ಮಲಗಿದ್ದು ಎಲ್ಲ ಅದರ ಮೇಲೆಯೇ. ಅಣ್ಣಂದಿರು ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ "ನಿನಗೇನ್ ಬೇಕವಾ ತಂಗಿ?" ಎಂದು ಕೇಳಿದರೆ "ಜೋಕಾಲಿ ಕೊಡ್ರಿ, ಸಾಕು" ಎಂದಳಂತೆ. ಹಲಗೆ ಟಂಟಂ ಗಾಡಿಯಲ್ಲಿ ಬಾಗೇವಾಡಿಗೆ ಬಂದ ದಿನ ಅವಳ ಸಂಭ್ರಮ ನೋಡಬೇಕಿತ್ತು. ಆದರೆ ನಮ್ಮದು ತಗಡಿನ ಮನೆ, ತೂಗು ಹಾಕಲು ಗಟ್ಟಿ ಛಾವಣಿ ಬೇಕು. ಬ್ಯಾಂಕಿನಲ್ಲಿ ಸಾಲ ತೆಗೆದು ಮನೆಯ ಮುಂದೊಂದು ಸ್ಲ್ಯಾಬಿನ ಪಡಸಾಲೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಗೌಂಡಿ ಮೈಬೂಬಸಾಬ ಬಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, "ಇಷ್ಟ ಅಗಲ ಆದ್ರ ಅಕ್ಕಾರು ಮನಸಾರೆ ಜೀಕಬಹುದ್ರಿ" ಎಂದ. ನೀಲಾ ಆ ಗೆರೆಯೊಳಗೆ ನಿಂತು, ಈಗಾಗಲೇ ಜೀಕುತ್ತಿರುವವಳ ಹಾಗೆ ಹಿಂದೆ ಮುಂದೆ ತೂಗಾಡಿದಳು.

ನಾನು ಮಾತ್ರ "ಸ್ವಲ್ಪ ತಡಿ, ಬಡ್ಡಿ ಇಳಿಯೂದೈತಿ" ಎಂದೆ.

ಹಾಗೆ ಶುರುವಾಯಿತು ಕಾಯುವುದು. ಹಲಗೆ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿತು. ಬೇಸಿಗೆಯಲ್ಲಿ ಅದರ ಮೇಲೆ ಶಾವಿಗೆ ಒಣಗಿದವು, ಉಳಿದ ದಿನ ನನ್ನ ಅಂಗಿಗಳಿಗೆ ಇಸ್ತ್ರಿಯಾಯಿತು. ಹೋಗುತ್ತ ಬರುತ್ತ ನನ್ನ ಕಾಲ್ಬೆರಳಿಗೆ ಅದು ಎಷ್ಟು ಸಲ ಬಡಿದಿದೆಯೋ ಲೆಕ್ಕವಿಲ್ಲ. ಸಾಹೇಬರ ಮಾತು ಮುಗಿದ ಕೂಡಲೇ ನೀಲಾ ಅಡಿಗೆಮನೆಯಿಂದ ಕೇಳುತ್ತಿದ್ದಳು, "ಆ ಸಾಹೇಬ್ರು ನಮ್ಮ ಜೋಕಾಲಿ ಬಗ್ಗೆ ಏನರ ಅಂದ್ರೇನ್ರಿ?"

"ಯಥಾಸ್ಥಿತಿ ಅಂದ್ರು."

ಮೊದಮೊದಲು ನಗುತ್ತ ಕೇಳುತ್ತಿದ್ದಳು. ಆಮೇಲೆ ಬರೀ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಬಿಟ್ಟದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದು ದಿನ ನಾನು ಹಿಗ್ಗಿನಿಂದ "ಹಣದುಬ್ಬರ ಇಳದೈತಿ!" ಎಂದು ಸಾರಿದೆ. ಅವಳು ಆಗತಾನೆ ಸಂತೆಯಿಂದ ಬಂದು ಚೀಲ ಇಳಿಸುತ್ತಿದ್ದಳು. "ಇಳದೈತಿ ಅಂತೀರಿ, ತೊಗರಿಬ್ಯಾಳಿ ಯಾಕ ಇಳಿವಲ್ದು?"

"ರೇಟು ಇಳಿಯೂದಲ್ಲ ನೀಲಾ, ರೇಟು ಏರೂ ವೇಗ ಇಳಿಯೂದು."

"ಅಂದ್ರ ಏರೂದಂತೂ ಏರತೈತಿ?"

"ಏರತೈತಿ."

"ಹಂಗಾದ್ರ ನಾವ್ಯಾಕ ನಿಂತೇವ್ರಿ?"

ಇಂಥ ಪ್ರಶ್ನೆಯನ್ನು ಹುಡುಗರು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. ನಾನು ಪೇಪರ್ ಮಡಚಿ ಸಂಡಾಸಕ್ಕೆ ಹೋದೆ.

ಕೊನೆಗೂ ದರ ಇಳಿಯಿತು. ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆ. ಮೈಬೂಬಸಾಬನಿಗೆ ಫೋನ್ ಮಾಡಿದರೆ ಅವನು ಮುದ್ದೇಬಿಹಾಳದಲ್ಲಿ ಯಾರದೋ ಎರಡನೆಯ ಅಂತಸ್ತು ಏರಿಸುತ್ತಿದ್ದ. ಬಡ್ಡಿ ಇಳಿಯಲೆಂದು ಕಾಯದವರು ಅವರು. ಬಿಡುವು ಮಾಡಿಕೊಂಡು ಬಂದವನು ಹೊಸ ಲೆಕ್ಕ ಹೇಳುವಾಗ ಪಾಪ, ನನ್ನ ಮುಖ ನೋಡಲಿಲ್ಲ. ಸಿಮೆಂಟು, ಉಸುಕು, ಕಬ್ಬಿಣ, ಕೂಲಿ, ಎಲ್ಲವೂ ನಾನು ಕಾಯುತ್ತ ಕೂತಾಗ ತಮ್ಮ ಪಾಡಿಗೆ ತಾವು ಮೇಲೇರಿದ್ದವು. ಕಂತಿನಲ್ಲಿ ನನಗೆ ಉಳಿದದ್ದು ತಿಂಗಳ ತೊಗರಿಬೇಳೆಗೂ ಸಾಲದು. ಸಿಗುವ ಸಾಲದಲ್ಲಿ ಆ ಅಗಲದ ಪಡಸಾಲೆ ಆಗುವಂತಿರಲಿಲ್ಲ. ಮುಂದಿನ ಗೆರೆಯನ್ನು ಒಳಕ್ಕೆ ಎಳೆಸಿದೆ. ಈ ಸಲ ನೀಲಾ ಗೆರೆಯೊಳಗೆ ಬಂದು ನಿಲ್ಲಲಿಲ್ಲ.

ಜೋಕಾಲಿ ತೂಗು ಹಾಕಿದ ದಿನ ಹೋಳಿಗೆ ಮಾಡಿದ್ದಳು. ಅರಿಷಿಣ ಕುಂಕುಮ ಹಚ್ಚಿ, ಸೆರಗು ಸರಿಮಾಡಿಕೊಂಡು ಕುಳಿತು, ಹಿಂದಕ್ಕೆ ಸರಿದು ಕಾಲು ಎತ್ತಿದಳು. ಮುಂದೆ ಬಂದ ಜೋಕಾಲಿ ಪೂರ್ತಿ ಬರುವ ಮೊದಲೇ ಅವಳ ಪಾದ ಮುಂದಿನ ಗಿಡ್ಡ ಗೋಡೆಗೆ ಬಡಿಯಿತು. ಕೊಂಡಿಗಳನ್ನು ಹಳೆ ಅಳತೆಗೇ ಕೂರಿಸಿದ್ದರು, ಗೋಡೆ ಮಾತ್ರ ಹೊಸ ಅಳತೆಗೆ ಒಳಗೆ ಬಂದಿತ್ತು. ತಿರುಗಿಸಿ ಕಟ್ಟೋಣವೆಂದರೆ ಅಷ್ಟುದ್ದದ ಹಲಗೆ ಅಡ್ಡ ಹಿಡಿಸದು. ಮೈಬೂಬಸಾಬ ಛಾವಣಿ ನೋಡಿದ, ನಾನು ನೆಲ ನೋಡಿದೆ. ನೀಲಾ ಪಾದ ಸವರಿಕೊಂಡು "ಇರ್ಲಿ ಬಿಡ್ರಿ, ಕುಂದ್ರಾಕರ ಆತಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ಅದರ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸುತ್ತಾಳೆ. ಜೋಕಾಲಿ ಅಲುಗುವುದಿಲ್ಲ.

ಹೋದ ತಿಂಗಳು ಮೈಬೂಬಸಾಬ ತಾನಾಗಿಯೇ ಬಂದ. "ಈ ಗಿಡ್ಡ ಗ್ವಾಡಿ ಒಡದು ಹೊರಗ ಸರಸೂನ್ರಿ ಸರ. ಮ್ಯಾಲ ತಗಡ ಇಳಿಬಿಟ್ರ ಆತು. ಖರ್ಚು ಭಾಳ ಇಲ್ಲ, ನಾಳಿನೇ ಕೆಲಸ ಹಚ್ಚತೇನಿ."

ನೀಲಾ ಪಲ್ಲೆ ಬಿಟ್ಟು ತಲೆಯೆತ್ತಿದಳು. "ಹಂಗ ಮಾಡಿದ್ರ ಜೀಕಾಕ ಬರತೈತೇನ್ ಮೈಬೂಬಣ್ಣ?"

"ಬರದ ಏನ್ರಿ ಅಕ್ಕಾರ!"

ಅವಳ ಮುಖದಲ್ಲಿ ಹಲಗೆ ಬಂದ ದಿನದ ಆ ಕಳೆ ಮತ್ತೆ ಕಂಡಿತು. ಇಬ್ಬರೂ ನನ್ನ ಕಡೆ ನೋಡಿದರು. "ನಾಳಿನೇ ಹಚ್ಚು" ಎನ್ನಬೇಕೆಂದೇ ಬಾಯಿ ತೆರೆದೆ, ದೇವರಾಣೆ. ಬಾಯಿಂದ ಬಂದದ್ದು, "ಮುಂದಿನ ವಾರ ಸಾಹೇಬ್ರು ಮಾತಾಡೋರದಾರ. ಇನ್ನೊಂದೀಟ ಇಳೀಬಹುದು. ಅದಷ್ಟ ನೋಡಿ…"

ಮೈಬೂಬಸಾಬ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ನೀಲಾ ಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಟೀವಿಗೆ ಬಂದರು. ಅವರು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಅಡಿಗೆಮನೆಯಲ್ಲಿ ಮಿಕ್ಸರ್ ಶುರುವಾಗುವುದಕ್ಕೂ ಸರಿಹೋಯಿತು. ಶೇಂಗಾ ಚಟ್ನಿಯೋ ಏನೋ, ನಿಲ್ಲುವ ಲಕ್ಷಣ ಕಾಣಲಿಲ್ಲ. ಸಾಹೇಬರ ತುಟಿ ಅಲ್ಲಾಡುತ್ತಲೇ ಇತ್ತು. ದರ ಏರಿತೋ, ಇಳಿಯಿತೋ, ಯಥಾಸ್ಥಿತಿಯೋ ನನಗೆ ಕೇಳಿಸಲಿಲ್ಲ. ಮಿಕ್ಸರ್ ಬಂದ್ ಮಾಡು ಎನ್ನುವ ಧೈರ್ಯವೂ ಆಗಲಿಲ್ಲ.