ಅಡುಗೆಮನೆಯ ಬೀಗದ ಬಗ್ಗೆ ಹಸಿವಿನ ದ್ವಾರಪಾಲಕರಿಗೆ

ಇಂದ,
ಇಂದಾಯ್ ಸೆಲಾಕಾ, ಅಂದರೆ ಸೆಲಾಕಾಳ ತಾಯಿ (ಮಗು ಹುಟ್ಟಿದ ಮೇಲೆ ನಮ್ಮಲ್ಲಿ ತಾಯಿಯ ಸ್ವಂತ ಹೆಸರು ಯಾರಿಗೂ ನೆನಪಿರುವುದಿಲ್ಲ),
ಹತ್ತೊಂಬತ್ತು ಬಾಗಿಲಿನ (ಬಾಗಿಲಿಗೊಂದು ಸಂಸಾರ) ಉದ್ದಮನೆಯ ಕಟ್ಟಕಡೆಯ ಬಾಗಿಲು,
ನಂಗಾ ಮೆಲುವಾನ್, ಸರವಾಕ್.

ಗೆ,
ಮಾನ್ಯ ಹಸಿವಿನ ಗ್ರಾಹಿಗಳು,
ಮೆದುಳಿನ ಜೀವಕೋಶಗಳ ಹೊರಬಾಗಿಲು,
ಸೆಲಾಕಾಳ ತಲೆ.

ವಿಷಯ: ನಮ್ಮ ಅಡುಗೆಮನೆಯ ಬೀಗದ ವಿಚಾರಣೆಗೆ ತಾವು ಖುದ್ದಾಗಿ ಹಾಜರಾಗುವ ಕುರಿತು.

ಉಲ್ಲೇಖ: ೧. ತಮ್ಮ ಕಚೇರಿಯಿಂದ ಎಡೆಬಿಡದೆ ಹೊರಡುತ್ತಿರುವ ‘ಇನ್ನೂ ಬೇಕು’ ಎಂಬ ಸುತ್ತೋಲೆ.
೨. ಉದ್ದಮನೆಯ ಮುಖ್ಯಸ್ಥರಾದ ತುವಾಯ್ ಉಂಗಾತರ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು ತಮ್ಮ ಗಮನಕ್ಕೆ ತರುವುದೇನೆಂದರೆ:

೧. ನನ್ನ ಮಗಳು ಸೆಲಾಕಾ ಹುಟ್ಟಿದಾಗ ತಾವು ರಜೆಯ ಮೇಲಿದ್ದಂತೆ ಕಾಣುತ್ತದೆ. ಕೂಸು ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಹಾಲಿಗಾಗಿ ಅಳಲಿಲ್ಲ, ಮೊಲೆ ಚೀಪಲಿಲ್ಲ. ಹಿಂಡಿದ ಹಾಲನ್ನು ತುಟಿಯ ಮೇಲೆ ತೊಟ್ಟು ತೊಟ್ಟಾಗಿ ಬಿಡುತ್ತ, ‘ಇದಕ್ಕೊಂದಿಷ್ಟು ಹಸಿವು ಕೊಡಿ’ ಎಂದು ಕಂಡಕಂಡವರಲ್ಲಿ ಬೇಡಿಕೊಂಡೆ. ಆ ಬೇಡಿಕೆ ತಮ್ಮ ಮೇಜಿಗೆ ಬರಲು ವರ್ಷಗಳೇ ಹಿಡಿದವು. ಆದರೆ ಮಂಜೂರು ಮಾಡುವಾಗ ತಾವು ಕೈ ಬಿಗಿ ಹಿಡಿಯಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ.

೨. ಈಗ ಅವಳಿಗೆ ಹನ್ನೊಂದು. ತಮ್ಮ ಸುತ್ತೋಲೆಯನ್ನು ಶಿರಸಾವಹಿಸಿ ಅವಳು ಒಣಗಲು ಹಾಕಿದ್ದ ಮೀನು, ಬೇಯದ ಅಕ್ಕಿ, ಹಂದಿಯ ಕಲಗಚ್ಚು, ಕೊನೆಗೆ ಹಿರಿಯರ ಕಾಲದಿಂದ ಉಳಿಸಿಕೊಂಡು ಬಂದಿದ್ದ ಬಿತ್ತನೆಯ ಭತ್ತ, ಎಲ್ಲವನ್ನೂ ತಿಂದು ಆದೇಶವನ್ನು ಜಾರಿಗೊಳಿಸಿದಳು. ಒಂದು ಸಲ ಹೊಟ್ಟೆ ತಮಟೆಯಂತೆ ಬಿಗಿದು, ದೋಣಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಬೇಕಾಯಿತು. ಇನ್ನೊಂದು ಸಲ ಹೀಗಾದರೆ ಹೊಟ್ಟೆ ಒಡೆದು ಮಗು ಉಳಿಯುವುದಿಲ್ಲ ಎಂದರು ಅಲ್ಲಿಯ ಡಾಕ್ಟರು. ಕಾರಣ, ಅಡುಗೆಮನೆಗೆ ಬೀಗ ಹಾಕಿದೆ. ಈ ಉದ್ದಮನೆಯಲ್ಲಿ ಒಳಬಾಗಿಲಿಗೆ ಬಿದ್ದ ಮೊದಲ ಬೀಗ ಅದು.

೩. ತಮ್ಮ ಕಾರ್ಯವೈಖರಿಯನ್ನು ನನಗೆ ತಿಳಿಸಿದವರು ಕುಚಿಂಗಿನ ದೊಡ್ಡಾಸ್ಪತ್ರೆಯ ಡಾಕ್ಟರ್ ಲಿಂಗ್.

“ಹೊಟ್ಟೆ ಖಾಲಿಯಾದಾಗ ಅಲ್ಲಿಂದ ಒಂದು ಹಾರ್ಮೋನು ರಕ್ತದಲ್ಲಿ ಹೊರಡತ್ತೆ ಅಮ್ಮ. ಮೆದುಳಿನ ಜೀವಕೋಶದ ಮೈಮೇಲೆ ಅದಕ್ಕೇ ಅಂತ ಬಾಗಿಲಿದೆ, ಗ್ರಾಹಿ ಅಂತೀವಿ. ಅದು ಬಂದು ತಟ್ಟಿದ್ರೆ ಒಳಗೆ ಸಂದೇಶ ಹೋಗತ್ತೆ. ಉಂಡ ಮೇಲೆ ತಟ್ಟೋದು ಕಮ್ಮಿ ಆಗ್ಬೇಕು. ಇವಳದು ಹುಟ್ಟಿನಿಂದ್ಲೇ ಬಂದ ಕಾಯಿಲೆ, ಇವಳಲ್ಲಿ ಆ ಹಾರ್ಮೋನೇ ಜಾಸ್ತಿ.”

“ಯಾರೂ ತಟ್ಟದೇ ಇದ್ರೆ?”

“ಆಗ್ಲೂ ಆ ಬಾಗ್ಲು ಸುಮ್ನಿರಲ್ಲ. ತನ್ನಷ್ಟಕ್ಕೆ ತಾನೇ ಒಳಗೆ ಸುದ್ದಿ ಕಳಿಸ್ತಿರತ್ತೆ. ಅದು ಎಲ್ಲರ ತಲೇಲೂ ಅಷ್ಟೆ.”

ಮೇಲಿನಿಂದ ಕಾಗದ ಬಾರದಿದ್ದರೂ ತಾವಾಗಿಯೇ ದುಡಿಯುವ ಕಚೇರಿಯೊಂದನ್ನು ಜನ್ಮದಲ್ಲಿ ಮೊದಲ ಬಾರಿಗೆ ಕೇಳಿದೆ. ಅಷ್ಟೇ ಅಲ್ಲದೆ, ಆಸೆ ಸಂತೋಷಗಳ ಉಸ್ತುವಾರಿಯಾದ ಡೋಪಮಿನ್ ಗ್ರಾಹಿಗಳೊಂದಿಗೆ ತಾವು ತೋಳಿಗೆ ತೋಳು ತಾಗಿಸಿ ಕುಳಿತು, ಅವರು ಒಳಗೆ ಕಳಿಸುವ ಸಂದೇಶವನ್ನೂ ತಮ್ಮ ಇಷ್ಟದಂತೆ ತಿರುಗಿಸುತ್ತೀರೆಂದು ಇಲಿಗಳಲ್ಲಿ ಕಂಡಿದ್ದಾರಂತೆ. ಮನುಷ್ಯರ ವಿಚಾರ ಪರಿಶೀಲನೆಯಲ್ಲಿದೆಯಂತೆ. ತಾವೊಬ್ಬರೇ ತಪ್ಪಿತಸ್ಥರೆಂದು ಡಾಕ್ಟರೂ ಹೇಳಲಿಲ್ಲ. ಕಚೇರಿ ಎಂದ ಮೇಲೆ ಯಾರೊಬ್ಬರೂ ತಪ್ಪಿತಸ್ಥರಾಗುವುದಿಲ್ಲ, ಅದು ನನಗೂ ಗೊತ್ತು.

೪. ನಮ್ಮ ಉದ್ದಮನೆಯ ಪದ್ಧತಿ ತಮಗೆ ಹೇಳಿ ಮಾಡಿಸಿದಂತಿದೆ. ಉಣ್ಣುವವರು ಮುಂದೆ ಹಾದು ಹೋಗುವವರನ್ನು ಕರೆಯಲೇಬೇಕು. ಕರೆಸಿಕೊಂಡವರು ಒಂದು ತುತ್ತು ತಿನ್ನಬೇಕು, ಇಲ್ಲವೇ ಬೆರಳ ತುದಿಯಿಂದ ಅನ್ನವನ್ನು ಮುಟ್ಟಿಯಾದರೂ ಹೋಗಬೇಕು. ಮುಟ್ಟದೆ ಹೋದರೆ ಹೊಳೆಯಲ್ಲಿ ಮೊಸಳೆ, ಕಾಡಿನಲ್ಲಿ ಹಾವು ಕಾದಿರುತ್ತದೆ. ಅದಕ್ಕೆ ಪುನಿ ಎನ್ನುತ್ತೇವೆ. ಎಲ್ಲರೂ ಬೆರಳು ತಾಗಿಸಿ ಮುಂದೆ ಹೋಗುತ್ತಾರೆ. ಪೂರ್ಣ ಶ್ರದ್ಧೆಯಿಂದ ಮುಟ್ಟುವವಳು ನನ್ನ ಮಗಳೊಬ್ಬಳೇ. ಈ ಕೊನೆಯಿಂದ ಆ ಕೊನೆಗೆ ನಡೆದು ಬಂದರೆ ಅವಳಿಗೆ ಹದಿನೆಂಟು ಊಟ.

೫. ಕಳೆದ ವಾರ ಮೂರನೆಯ ಬಾಗಿಲಿನ ಅಜ್ಜಿ, ಇನಿ ಸುಬಾಂಗ್, ಕರೆದರು. ಸೆಲಾಕಾ ಕೈ ಚಾಚುವುದರೊಳಗೆ ನಾನು ಅವಳನ್ನು ಎಳೆದುಕೊಂಡು ಬಂದೆ. ಸಂಜೆ ಹೊಳೆಯ ಮೆಟ್ಟಿಲಲ್ಲಿ ಮಗಳಿಗೆ ಚೇಳು ಕುಟುಕಿತು. ಆದ್ದರಿಂದ ವಿಚಾರಣೆ.

ಎಲ್ಲರೂ ನಡುಮನೆಯ ಚಾಪೆಯ ಮೇಲೆ ಕುಳಿತೆವು. “ನನ್ನ ತಟ್ಟೆ ಮುಂದಿಂದ ಕೂಸನ್ನ ದರದರ ಎಳ್ಕೊಂಡು ಹೋದ್ಲು. ನಾನೇನು ವಿಷ ಇಟ್ಟಿದ್ನಾ?” ಎಂದರು ಇನಿ ಸುಬಾಂಗ್.

“ವಿಷ ಇಟ್ಟಿದ್ರೂ ತಿಂತಿದ್ಲು ಇನಿ. ನನ್ನ ಭಯ ಅದೇ.”

“ಕೇಳಿದ್ರಾ ಮಾತು? ಬೀಗ ಹಾಕೋ ಕೈಗೆ ನಾಲಿಗೇನೂ ಉದ್ದ.”

ನಾನು ಡಾಕ್ಟರ ಕಾಗದ ಮುಂದಿಟ್ಟೆ. ತುವಾಯ್ ಉಂಗಾತ್ ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. “ಆಸ್ಪತ್ರೆಯೋರಿಗೆ ಪುನಿ ಏನು ಗೊತ್ತಮ್ಮ? ಚೇಳು ಕುಟ್ಕಿದ್ದು ಸುಳ್ಳಾ?” ಎಂದು ಕೇಳಿ, ಮಗಳ ಕಡೆ ತಿರುಗಿದರು.

“ಹಸಿವಾಗ್ತಿದ್ಯಾ ಮಗಾ?”

“ಹ್ಞೂಂ ಆಕಿ.” (ಆಕಿ ಎಂದರೆ ನಮ್ಮಲ್ಲಿ ಅಜ್ಜ.)

“ಊಟ ಆಗಿ ಎಷ್ಟೊತ್ತಾಯ್ತು?”

“ಈಗ್ತಾನೇ ಆಯ್ತು.”

ಮೊದಲನೆಯ ಉತ್ತರ ಅವರ ಲೆಕ್ಕಕ್ಕೆ ಬಂತು. ಎರಡನೆಯದು ನಗುವಿನಲ್ಲಿ ಮುಳುಗಿತು. ತೀರ್ಮಾನವಾಯಿತು: ಅಮಾವಾಸ್ಯೆಯೊಳಗೆ ಬೀಗ ತೆಗೆಯತಕ್ಕದ್ದು. ತಪ್ಪಿದಲ್ಲಿ ಮಗು ಇನಿ ಸುಬಾಂಗರ ಬಾಗಿಲಿಗೆ ಹೋಗಿ ಅಲ್ಲಿಯೇ ಬೆಳೆಯತಕ್ಕದ್ದು. ಇನಿ ಸುಬಾಂಗ್ ಅವಳನ್ನು ಪ್ರೀತಿಯಿಂದಲೇ ಸಾಕುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಪ್ರೀತಿಯಿಂದಲೇ ಕೊಲ್ಲುತ್ತಾರೆ.

೬. ಗಂಡ ದೂರದ ಮರ ಕಡಿಯುವ ಕ್ಯಾಂಪಿನಲ್ಲಿದ್ದಾನೆ. ಜೊತೆಗೆ ನಿಂತು ವಾದಿಸುವವರಿಲ್ಲ. ಮಗಳನ್ನು ಕಳೆದುಕೊಳ್ಳುವುದಕ್ಕಿಂತ ಬೀಗ ಕಳೆದುಕೊಳ್ಳುವುದೇ ಮೇಲೆಂದು ಈ ದಿನ ಬೆಳಿಗ್ಗೆ ಕೊಂಡಿ ಕೀಳಲು ಕುಳಿತೆ. ಸೆಲಾಕಾ ಬಂದು ಕೈ ಹಿಡಿದಳು.

“ಬೇಡ ಇಂದಾಯ್.”

“ನಿಂಗೋಸ್ಕರಾನೇ ತೆಗೀತಿರೋದು ಕಣೆ.”

“ಬೀಗ ಇದ್ರೆ ನಾನು ಹೊಳೆಗೆ ಹೋಗ್ತೀನಿ, ಆಡ್ತೀನಿ. ತೆಗೆದ್ರೆ ಇಲ್ಲೇ ಕೂತಿರ್ತೀನಿ. ಇಡೀ ದಿನ ಅದೇ ಯೋಚ್ನೆ. ತಲೆ ನೋಯತ್ತೆ.”

ನಾನು ಕೊಂಡಿಯನ್ನು ಮತ್ತೆ ಬಡಿದು ಕೂರಿಸಿದೆ. ಅವಳು ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಆಡಲು ಹೋದಳು. ಅಷ್ಟು ಹಗುರಾಗಿ ಅವಳು ಹೋದದ್ದನ್ನು ನಾನು ಹಿಂದೆ ಗಮನಿಸಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಅಮಾವಾಸ್ಯೆಯೊಳಗೆ ತಾವು ನಡುಮನೆಯ ಚಾಪೆಯ ಮೇಲೆ ಹಾಜರಾಗಿ, ‘ಈ ಹಸಿವು ನಮ್ಮದು, ತಾಯಿಯ ಜಿಪುಣತನದ್ದಲ್ಲ’ ಎಂದು ಹೇಳಿಕೆ ನೀಡಬೇಕು. ಕೆಲಸದ ಒತ್ತಡದ ಕಾರಣ ತಲೆಬುರುಡೆ ಬಿಟ್ಟು ಬರಲಾಗದಿದ್ದಲ್ಲಿ ಲಿಖಿತ ಉತ್ತರ ಕಳಿಸಬಹುದು. ಅದೂ ಬಾರದಿದ್ದಲ್ಲಿ, ಬೀಗ ಮುಂದುವರಿಸಲು ತಮ್ಮ ಆಕ್ಷೇಪಣೆ ಇಲ್ಲವೆಂದೇ ಭಾವಿಸಲಾಗುವುದು.

ತಮ್ಮ ವಿಶ್ವಾಸಿ,
(ಹೆಬ್ಬೆಟ್ಟಲ್ಲ, ಸಹಿ)
ಇಂದಾಯ್ ಸೆಲಾಕಾ

ಲಗತ್ತುಗಳು:
ಡಾಕ್ಟರ್ ಲಿಂಗ್ ಅವರ ಕಾಗದ, ಎರಡೂ ಬದಿ ನೋಡಲಾಗಿದೆ.
ಸತ್ತ ಚೇಳು, ಒಂದು. ಪುನಿಯ ಬಗ್ಗೆ ಅದು ಏನೂ ಹೇಳಿರುವುದಿಲ್ಲ.

ಪ್ರತಿ: ತುವಾಯ್ ಉಂಗಾತ್ ಅವರಿಗೆ, ಮಾಹಿತಿಗಾಗಿ. ಅಮಾವಾಸ್ಯೆಯಂದು ಮಗಳನ್ನು ಕರೆದೊಯ್ಯಲು ಬರುವವರು ಬೀಗ, ಕೊಂಡಿ, ಕೀಲಿಕೈಗಳನ್ನೂ ಹೊತ್ತೊಯ್ಯಲು ಸಿದ್ಧರಾಗಿ ಬರಬೇಕಾಗಿ ಕೋರಿಕೆ. ಅವು ಇಲ್ಲದ ಮನೆಗೆ ತಾನು ಬರುವುದಿಲ್ಲವೆಂದು ಸೆಲಾಕಾ ತಿಳಿಸಿದ್ದಾಳೆ.