ದೇವರ ನೆತ್ತಿಯ ಮೇಲಿನ ಥರ್ಮೋಸ್ಟಾಟ್

ಬಾಡಿಗೆ ಮನೆಯಲ್ಲಿ ಗೋಡೆ ನಮ್ಮದಲ್ಲ, ಗೋಡೆಗೆ ಹೊಡೆಯುವ ಮೊಳೆಯೂ ನಮ್ಮಿಷ್ಟದ್ದಲ್ಲ ಎಂಬುದು ಮೈಸೂರಿನಲ್ಲೇ ಗೊತ್ತಿತ್ತು. ಮನೆಯೊಳಗಿನ ಚಳಿ, ಸೆಕೆಗಳೂ ನಮ್ಮವಲ್ಲ ಎಂದು ತಿಳಿದದ್ದು ಅಮೇರಿಕಾದ ಜರ್ಮನ್‌ಟೌನಿಗೆ ಬಂದ ಮೇಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟಿನ ಖರ್ಚು ಬಾಡಿಗೆಯಲ್ಲೇ ಸೇರಿತ್ತು. ಆಹಾ, ಎಂಥ ಧಾರಾಳಿಗಳು ಎಂದು ಹಿಗ್ಗಿ ಸಹಿ ಹಾಕಿಬಿಟ್ಟೆ! ಆಮೇಲೆ ನೋಡಿದರೆ ಹಾಲಿನ ಗೋಡೆಯಲ್ಲಿ ಮನೆಯ ಶಾಖ ಹಿಡಿದಿಡುವ ಥರ್ಮೋಸ್ಟಾಟಿಗೆ ಆಫೀಸಿನವರು ಮೂಗುದಾರ ಹಾಕಿದ್ದರು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಚಳಿಗಾಲಕ್ಕೆ ಎಪ್ಪತ್ತು ಡಿಗ್ರಿಯ ಮೇಲೆ ಏರದು, ಬೇಸಿಗೆಗೆ ಎಪ್ಪತ್ತಾರರ ಕೆಳಗೆ ಇಳಿಯದು. ಬಿಡಿ ಹೀಟರ್ ಇಡುವಂತಿಲ್ಲ, ಒಂದು ಮೇಣದಬತ್ತಿ ಕೂಡ ಹಚ್ಚುವಂತಿಲ್ಲ ಎಂದು ಕರಾರಿನಲ್ಲಿ ಬೇರೆ ಇತ್ತು. ಆದರೂ ನಾನು ಹೆದರಲಿಲ್ಲ. ಏಕೆಂದರೆ ನಾನೇನು ಸಾಮಾನ್ಯನೇ! ಹೈವೇ ಪಕ್ಕದ ಬಯೋಟೆಕ್ ಕಂಪನಿಯಲ್ಲಿ ಜೀವಕೋಶ ಬೆಳೆಸುವ ಪೆಟ್ಟಿಗೆಗಳ ಉಷ್ಣತೆ ಕಾಯುವುದೇ ನನ್ನ ಉದ್ಯೋಗ. ಅರ್ಧ ಡಿಗ್ರಿ ಏರುಪೇರಾದರೂ ನನಗೇ ಫೋನು. "ಮೊದಲು ಸೆನ್ಸರ್ ಎಲ್ಲಿ ಕೂತಿದೆ ನೋಡ್ರಪ್ಪ" ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ.

ಡಿಸೆಂಬರಿನಲ್ಲಿ ಧಾರವಾಡದಿಂದ ನಮ್ಮತ್ತೆ ಬಂದರು. ನನ್ನ ಹೆಂಡತಿ ಸವಿತಾ ವರ್ಷಗಟ್ಟಲೆ ಕರೆದು, ಗೋಗರೆದು, ಕೊನೆಗೆ ಫೋನಿನಲ್ಲಿ ಅತ್ತ ಮೇಲೆ ಬಂದದ್ದು. ಬರುವಾಗ ಸೂಟ್‌ಕೇಸಿನಲ್ಲಿ ವೆಂಕಟರಮಣನ ಪಟ, ಗಣಪತಿ, ಹಿತ್ತಾಳೆಯ ದೀಪ ಎಲ್ಲ ತಂದಿದ್ದರು. ದಿಕ್ಕು ನೋಡಿ ದೇವರನ್ನು ಕೂರಿಸಲು ಹಾಲಿನಲ್ಲಿ ಒಂದೇ ಜಾಗ ಸಿಕ್ಕಿತು. ಅಲ್ಲೇ ಮೇಜು ಹಾಕಿ, ಬೆಳಗಿನಿಂದ ಮಲಗುವವರೆಗೆ ದೀಪ ಉರಿಸತೊಡಗಿದರು. ಮಾರನೆಯ ದಿನದಿಂದಲೇ ನಮ್ಮ ಹೀಟಿಂಗ್ ಕೈಕೊಟ್ಟಿತು.

"ಏನ್ರೀ ಅಳಿಯಂದ್ರ, ಅಮೇರಿಕಾದಾಗ ಮನಿಯೊಳಗ ಬೆಚ್ಚಗ ಇರ್ತದ ಅಂದಿದ್ರಿ. ಇದು ಫ್ರಿಜ್‌ನ್ಯಾಗ ಕುಂತಂಗ ಆಗೇದಲ್ಲ!" ಎಂದು ಅತ್ತೆ ಕುಲಾವಿಯನ್ನು ಕಿವಿಯವರೆಗೆ ಎಳೆದುಕೊಂಡರು. ನಾನು ಥರ್ಮೋಸ್ಟಾಟಿನ ಗುಂಡಿ ಒತ್ತಿ ನೋಡಿದೆ. ನಾವು ಇಟ್ಟ ಅಂಕಿ ಎಪ್ಪತ್ತು ಎಂದೇ ಇತ್ತು. ಅತ್ತೆ ಕೈಮುಗಿದು, "ಈ ಮಿಷನ್ನಿಗೆ ಒಂದೀಟು ಬುದ್ಧಿ ಕೊಡಪ್ಪಾ" ಎಂದು ಬೇಡಿಕೊಂಡು ದೀಪಕ್ಕೆ ಇನ್ನೊಂದು ಬತ್ತಿ ಹಾಕಿದರು. ಚಳಿ ಹೆಚ್ಚಾಯಿತು. ಮತ್ತೊಂದು ಬತ್ತಿ ಹಾಕಿದರು. ಇನ್ನೂ ಹೆಚ್ಚಾಯಿತು! ಮೇಂಟೆನೆನ್ಸ್‌ನವನಿಗೆ ಫೋನ್ ಮಾಡಿದರೆ ಪಾಪ, ಕರೆದಾಗಲೆಲ್ಲ ಬರುತ್ತಿದ್ದ. ಅವನು ಬಾಗಿಲು ತಟ್ಟುವ ಮುಂಚೆ ಸವಿತಾ ಕರಾರಿನ ಭಯಕ್ಕೆ, "ಅವ್ವಾ, ಲಗೂ ದೀಪ ಶಾಂತ ಮಾಡು" ಎಂದು ಅದನ್ನು ಅಡಿಗೆಮನೆಯ ಕಪಾಟಿನಲ್ಲಿ ಬಚ್ಚಿಡುತ್ತಿದ್ದಳು. ಅವನು ಪರೀಕ್ಷೆ ಮಾಡುತ್ತ ನಿಂತಿರುವಾಗಲೇ ಬಿಸಿಗಾಳಿ ಭರ್ರೆಂದು ಬರುತ್ತಿತ್ತು. ಕೊನೆಯ ಸಲ ಅವನು ನನ್ನನ್ನು ಕನಿಕರದಿಂದ ನೋಡಿ, ನೀವು ಬಿಸಿಲಿನ ದೇಶದವರಲ್ಲವೇ, ಒಂದು ದಪ್ಪ ಸ್ವೆಟರ್ ತೆಗೆದುಕೊಳ್ಳಿ ಎಂದು ಹೇಳಿ ಹೋದ. ಅವನು ಅತ್ತ ಹೋಗುತ್ತಲೇ ಅತ್ತೆ ಮಿಷನ್ ಸರಿಹೋದ ಸಂತೋಷಕ್ಕೆ ದೀಪ ಹಚ್ಚಿದರು.

ಕೊನೆಗೆ ಒಂದು ದಿನ ಅತ್ತೆ, "ನನ್ನ ಟಿಕೆಟ್ ಬದ್ಲಿ ಮಾಡಿಸ್ರಿ. ಸಂಕ್ರಮಣಕ್ಕ ಊರು ಸೇರ್ತೀನಿ. ಈ ಥಂಡಿ ನನ್ನ ಮೊಣಕಾಲಿಗೆ ಆಗಂಗಿಲ್ಲ" ಎಂದುಬಿಟ್ಟರು. ಸವಿತಾ ಅಡಿಗೆಮನೆಗೆ ಬಂದು ಕಣ್ಣು ಒರೆಸಿಕೊಂಡಳು. "ಎಷ್ಟ್ ವರ್ಷದ ಮ್ಯಾಲೆ ಬಂದಾಳ್ರೀ. ನೀವು ಟೆಂಪರೇಚರ್ ಇಂಜಿನಿಯರ್ ಬ್ಯಾರೆ!" ಎಂದಳು. ಆ ಮಾತು ನನಗೆ ಚುಚ್ಚಿತು. ಬೈದಿದ್ದರೆ ವಾಸಿಯಿತ್ತು.

ಆ ಶುಕ್ರವಾರ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿ, ಏನಾದರೂ ದಾರಿ ತೋರಿಸಪ್ಪಾ ಎಂದು ಪಟದಿಂದ ಮೇಲಕ್ಕೆ ಕತ್ತೆತ್ತಿದೆ. ವೆಂಕಟರಮಣನ ಕಿರೀಟಕ್ಕೆ ನೇರವಾಗಿ ಮೇಲೆ ಥರ್ಮೋಸ್ಟಾಟ್! ಅದರ ಮೂಲೆಯಲ್ಲಿ, ನಾನು ಒಮ್ಮೆಯೂ ಗಮನಿಸದ ಸಣ್ಣ ಅಂಕಿಯಲ್ಲಿ, ಮನೆಯೊಳಗಿನ ಶಾಖ ಎಂಬತ್ತೆರಡು ಎಂದಿತ್ತು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದೆ. "ಎಂಬತ್ತೆರಡು! ಎಂಬತ್ತೆರಡು!" ಎಂದು ಕೂಗಿ ಕುಣಿದೆ. ಅತ್ತೆ ಗಾಬರಿಯಾಗಿ, "ಸವಿತಾ, ಲಗೂ ಬಾ, ನಿನ್ನ ಗಂಡಗ ಮೈಮ್ಯಾಲೆ ಬಂದದ" ಎಂದರು. ಬಂದದ್ದು ಬುದ್ಧಿ! ದೀಪದ ಬಿಸಿ ನೇರ ಅದರ ಮೂತಿಗೆ ಬಡಿದು, ಮನೆಯೆಲ್ಲ ಕಾದಿದೆ ಎಂದು ನಂಬಿ ಅದು ಹಾಯಾಗಿ ಹೀಟಿಂಗ್ ನಿಲ್ಲಿಸಿ ಕೂತಿತ್ತು. ಪ್ರಾರ್ಥನೆ ಹೆಚ್ಚಿದಷ್ಟೂ ಚಳಿ ಹೆಚ್ಚುತ್ತಿದ್ದ ಗುಟ್ಟು ಅದು. ದೇವರನ್ನು ಅಡಿಗೆಮನೆಗೆ ಸಾಗಿಸಿದೆವು. ಸ್ವಲ್ಪ ಹೊತ್ತಿಗೆ ಬಿಸಿಗಾಳಿ ನುಗ್ಗಿತು. ಅತ್ತೆ ಕುಲಾವಿ ತೆಗೆದರು, ಟಿಕೆಟಿನ ಮಾತನ್ನೂ ಬಿಟ್ಟರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ. "ಮಿಷನ್ನಿಗೆ ಬುದ್ಧಿ ಕೊಡು ಅಂತ ಬೇಡಿದ್ದೆ. ದೇವರು ಯಾರಿಗೆ ಬೇಕಾಗಿತ್ತೋ ಅವರಿಗೇ ಕೊಟ್ಟ ನೋಡ್ರಿ" ಎಂದರು.

ಅತ್ತೆ ಯುಗಾದಿ ಮುಗಿಸಿಯೇ, ದೇವರನ್ನೂ ದೀಪವನ್ನೂ ನಮಗೇ ಬಿಟ್ಟು ಊರಿಗೆ ಹೋದರು. ಜುಲೈ ಬಂತು. ಹೊರಗೆ ಬೇಯಿಸುವ ಸೆಕೆ. ಒಳಗೆ ಎಸಿ ಎಪ್ಪತ್ತಾರಕ್ಕೆ ಬಂದು ನಿಂತುಬಿಡುತ್ತಿತ್ತು. ಒಂದು ಶನಿವಾರ ಬೆವರು ಒರೆಸಿಕೊಳ್ಳುತ್ತ ಥರ್ಮೋಸ್ಟಾಟನ್ನು ನೋಡಿದೆ. ಆಮೇಲೆ ಅಡಿಗೆಮನೆಯ ದೀಪವನ್ನು ನೋಡಿದೆ. ಮೇಜನ್ನು ಹಳೆಯ ಜಾಗಕ್ಕೆ ಎಳೆದು ದೀಪವಿಟ್ಟೆ. ಬರೀ ದೀಪ ಅನುಮಾನಕ್ಕೆ ಎಡೆಮಾಡುತ್ತದೆ ಎಂದು ಗಣಪತಿಯನ್ನೂ ವೆಂಕಟರಮಣನನ್ನೂ ಕರೆತಂದೆ. ಎರಡೇ ಬತ್ತಿಗೆ ಎಸಿ ಎದ್ದು ಗರ್ಜಿಸಿತು. ನಾನು ಪಂಚೆಯುಟ್ಟು ದೇವರ ಮುಂದೆ ತಂಪಾಗಿ ಕೂತೆ.

ಅಂಗಡಿಯಿಂದ ಬಂದ ಸವಿತಾ ದೀಪವನ್ನು ನೋಡಿದಳು, ಥರ್ಮೋಸ್ಟಾಟನ್ನು ನೋಡಿದಳು, ನನ್ನನ್ನೂ ನೋಡಿದಳು. ತಾನೂ ಒಂದು ಕುರ್ಚಿ ಎಳೆದುಕೊಂಡು ಕೂತಳು. ಆದರೆ ತಾಯಿಗೆ ಫೋನ್ ಮಾಡಿದಾಗ, "ಇವರ ಪೂಜಾ ಈಗ ಭಾಳ ಜೋರು ನಡದದ ಅವ್ವಾ, ದೇವರನ್ನ ಮತ್ತ ಹಾಲಿಗೆ ತಂದಾರ" ಎಂದು ಸ್ಪೀಕರ್ ಹಾಕಿದಳು.

"ಸಾರ್ಥಕ ಆತು ಅಳಿಯಂದ್ರ!" ಎಂದರು ಅತ್ತೆ. "ದೇವರು ತಾನಾಗೇ ತನ್ನ ಜಾಗಾಕ್ಕ ಬಂದಾನ. ಇನ್ನ ಅಲ್ಲಿಂದ ಸರಸಬ್ಯಾಡ್ರಿ. ಚಳಿಗಾಲಕ್ಕ ನಾ ಮತ್ತ ಬರ್ತೀನಿ."

ನಿಜ ಹೇಳಲು ಬಾಯಿ ತೆರೆದೆ. ಎಸಿ ಬಹಳ ಚೆನ್ನಾಗಿ ಬೀಸುತ್ತಿತ್ತು. "ಆಗಲಿ ಅತ್ತೆ" ಎಂದೆ. ಫೋನಿಟ್ಟ ಮೇಲೆ ಅವರು ಬಿಟ್ಟುಹೋಗಿದ್ದ ಕುಲಾವಿಯನ್ನು ಹುಡುಕಿ ತೆಗೆದು ತಲೆಗೆ ಹಾಕಿ ನೋಡಿಕೊಂಡೆ. ಅಳತೆ ಸರಿಯಾಗಿಯೇ ಇದೆ.