ಮಾಲೆ ಹಾಕಿದವನ ವೈನು

ಕಮಲಾಕ್ಷ ಹಳೆಯ ಬಿಳಿ ಮುಂಡು ಪಂಚೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ, ಭರಣಿಯಲ್ಲಿದ್ದ ದ್ರಾಕ್ಷಿ ರಸವನ್ನು ಸೋಸುತ್ತಿದ್ದ. ಸಿಪ್ಪೆ ಹಿಂಡುವಾಗ ವಾಸನೆಯೂ ತಾಗದಂತೆ ಉಸಿರು ಬಿಗಿಹಿಡಿದಿದ್ದ. ಕೊರಳಲ್ಲಿ ಶಬರಿಮಲೆಯ ಮಾಲೆ, ಸೊಂಟಕ್ಕೆ ಕಪ್ಪು ಪಂಚೆ, ಕೈಯಲ್ಲಿ ವೈನು.

ದ್ರಾಕ್ಷಿ ಹಾಕುವಾಗ ಮಾಲೆ ಇರಲಿಲ್ಲ. ಹೆಂಡತಿ ದೀಪ್ತಿ ಮತ್ತು ಮಗಳು ಕಾಸರಗೋಡಿನಲ್ಲಿ, ಇವನ ಬ್ಯಾಂಕು ಕೊಚ್ಚಿಯಲ್ಲಿ. ವರ್ಗಾವಣೆಗೆ ಮ್ಯಾನೇಜರ್ ರೀನಾ ಮೇಡಂ ಸಹಿ ಬೇಕು. ಮೇಡಂಗೆ ಮನೆಯಲ್ಲಿ ಮಾಡಿದ ವೈನೆಂದರೆ ಪ್ರಾಣ ಎಂದು ಸಹೋದ್ಯೋಗಿ ಜಯಕರ ಕಿವಿಯಲ್ಲಿ ಊದಿದ್ದ. ಕ್ರಿಸ್‌ಮಸ್‌ಗೆ ಕೊಡೋಣವೆಂದು ಭರಣಿ ತುಂಬಿದ. ಆಮೇಲೆ ವ್ರತದ ಕಾಲ ಬಂತು. ಇನ್ನು ರುಚಿ ನೋಡುವ ಹಾಗಿಲ್ಲ.

ಬಾಯಿ ಬಿಗಿದರೆ ಭರಣಿ ಒಡೆಯುತ್ತದೆಂದು ಯಾರೋ ಹೆದರಿಸಿದ್ದರಿಂದ, ಛತ್ರದ ಬಾಗಿಲಿನ ಹಾಗೆ ಅದನ್ನು ತೆರೆದೇ ಇಟ್ಟಿದ್ದ. ಮಟ್ಟಾಂಚೇರಿಯ ಆ ವಠಾರದವರೆಲ್ಲ ದಿನಾ ಬಂದು ಇಣುಕಿ, ಸೌಟು ಆಡಿಸಿ, ಸಲಹೆ ಕೊಟ್ಟು ಹೋಗುತ್ತಿದ್ದರು. ಈಗ ಮನೆಯೊಡತಿ ತ್ರೇಸ್ಯಾ ಚೇಚಿ ಬಂದು ಒಂದು ಚಮಚ ಕುಡಿದರು. ಕಣ್ಣಲ್ಲಿ ನೀರು ಬಂತು. ವ್ರತದಲ್ಲಿರುವವನ ಮನಸ್ಸು ನೋಯಿಸಬಾರದೆಂದು "ಚೆನ್ನಾಗಿದೆ ಸ್ವಾಮೀ" ಎಂದು ಮಲಯಾಳದಲ್ಲಿ ಹೇಳಿ ಬೇಗ ಹೊರಟುಹೋದರು.

ವೈನನ್ನು ಬಾಟಲಿಗೆ ತುಂಬಿಸಿಕೊಂಡು ಬ್ಯಾಂಕಿಗೆ ಹೊರಟಾಗ ದೋಣಿಯಲ್ಲಿ ಬಿರಡೆ ಸಡಿಲಾಯಿತು. ಮಾಲೆ ಕಂಡು ಕೈ ಮುಗಿದಿದ್ದ ಹೆಂಗಸು ಮೂಗರಳಿಸಿ ಅತ್ತ ಸರಿದಳು. ಒಬ್ಬ ಮುದುಕ, ಮಾಲೆಯನ್ನಾದರೂ ತೆಗೆದಿಟ್ಟು ಕುಡಿಯಬಾರದೇ ಎಂದು ಕೇಳಿದ. ವ್ರತದಲ್ಲಿ ಸಿಟ್ಟೂ ಮಾಡುವ ಹಾಗಿಲ್ಲ. ಕಮಲಾಕ್ಷ ಹಿನ್ನೀರು ನೋಡುತ್ತಾ ಕುಳಿತ.

ಬ್ಯಾಂಕಿನಲ್ಲಿ ಕ್ರಿಸ್‌ಮಸ್ ಕೂಟಕ್ಕೆ ಕೇಕು, ಕಟ್ಲೆಟ್ ಸಜ್ಜಾಗಿದ್ದವು.

"ಎಂತ ಸ್ವಾಮೀ, ನೋಡುವ," ಎಂದು ಜಯಕರ ಬಾಟಲಿ ಕಸಿದು ಬಿರಡೆಯಷ್ಟು ಕುಡಿದ. ಅವನ ಮುಖ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. "ಇದು ವೈನಲ್ಲ ಮಾರಾಯ, ವಿನೆಗರ್. ಬಚ್ಚಿಡು."

ಬಚ್ಚಿಡುವ ಮೊದಲೇ ರೀನಾ ಮೇಡಂ ಬಂದರು. ಬಾಟಲಿ ತೆಗೆದುಕೊಂಡು, ಲೋಟಕ್ಕೆ ಬಗ್ಗಿಸಿ, ನಾಲಿಗೆಗೆ ತಾಗಿಸಿ ಕಣ್ಣು ಮುಚ್ಚಿದರು. ಕಮಲಾಕ್ಷ ಅಯ್ಯಪ್ಪನನ್ನು ನೆನೆದ. ಆ ಪುಣ್ಯಾತ್ಮನನ್ನು ಈ ವಿಷಯಕ್ಕೆ ಕರೆಯಬಹುದೋ ಬಾರದೋ ಗೊತ್ತಾಗದೆ ಅರ್ಧಕ್ಕೆ ನಿಲ್ಲಿಸಿದ.

"ನಮ್ಮ ಅಮ್ಮಚ್ಚಿ ಹೋದ ಮೇಲೆ ಇಂಥ ವಿನೆಗರ್ ನೋಡೇ ಇಲ್ಲ," ಎಂದರು ಮೇಡಂ. ಆ ಅಜ್ಜಿಯ ಮೀನಿನ ಉಪ್ಪಿನಕಾಯಿಯ ಗುಟ್ಟೇ ಇದಂತೆ. "ವೈನು ಯಾರು ಬೇಕಾದರೂ ಮಾಡುತ್ತಾರೆ, ಕಮಲಾಕ್ಷ."

ಕಮಲಾಕ್ಷನ ಎದೆ ಪೂರಿಯ ಹಾಗೆ ಉಬ್ಬಿತು.

"ನಿಮ್ಮ ವರ್ಗಾವಣೆಗೆ ಬೆಳಿಗ್ಗೆಯೇ ಸಹಿ ಹಾಕಿದ್ದೆ," ಎಂದು ಮೇಡಂ ಮೇಜಿನ ಮೇಲಿದ್ದ ಕಾಗದವನ್ನೆತ್ತಿ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದರು. "ಈಗ ಹೇಗೆ ಬಿಡಲಿ? ಈಸ್ಟರ್‌ಗೆ ಇನ್ನೊಂದು ಭರಣಿ ಆಗಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಚ್ಚಿದ ಈರುಳ್ಳಿಗೆ ವಿನೆಗರ್ ಸುರಿದು ಕಟ್ಲೆಟ್ ಜೊತೆ ಸವಿಯತೊಡಗಿದರು. ವ್ರತದ ಸ್ವಾಮಿಯ ಕೈಗೆ ಜಯಕರ ಒಂದು ಬಾಳೆಹಣ್ಣು ಕೊಟ್ಟ. ಕಮಲಾಕ್ಷ ಅದನ್ನು ಸುಲಿಯದೆ ಹಿಡಿದುಕೊಂಡು ಯೋಚಿಸಿದ. ಕಾಸರಗೋಡಿನಲ್ಲೂ ದ್ರಾಕ್ಷಿ ಸಿಗುತ್ತದೆ. ಅಲ್ಲೂ ಭರಣಿಗಳುಂಟು. ಅವನ ಮುಖ ಅರಳಿತು.

"ಮೇಡಂ, ಅಲ್ಲಿಂದಲೇ ಮಾಡಿ ಕಳಿಸುತ್ತೇನೆ. ಆ ಕಾಗದ ಕೊಡಿ."